ಪೀಕ್ ಡಿಸ್ಟ್ರಿಕ್ಟ್‌ನ ಏರುಗಳು: ಸೈಕಲ್ ದಾರಿ ಆರಿಸುವ ನನ್ನ ಕ್ರಮ

ಇಂಗ್ಲೆಂಡಿನ ಗುಡ್ಡಗಾಡು ಸೀಮೆಯಾದ ಪೀಕ್ ಡಿಸ್ಟ್ರಿಕ್ಟ್‌ನಲ್ಲಿ ಸೈಕಲ್ ತುಳಿಯಲು ಹೊರಟವರು ಕಿಲೋಮೀಟರ್ ಲೆಕ್ಕವನ್ನು ಮನೆಯಲ್ಲೇ ಬಿಟ್ಟು ಬರುವುದು ಒಳ್ಳೆಯದು. ಇಲ್ಲಿ ಕೆಲಸಕ್ಕೆ ಬರುವ ಲೆಕ್ಕ ಎತ್ತರದ್ದು. ಒಟ್ಟು ಏರನ್ನು ದೂರದಿಂದ ಭಾಗಿಸಿ ನೋಡುತ್ತೇನೆ. ಕಿಲೋಮೀಟರಿಗೆ ಹತ್ತು ಮೀಟರ್ ಬಂದರೆ ಸಾಧಾರಣ ದಾರಿ, ಇಪ್ಪತ್ತರ ಹತ್ತಿರ ಬಂದರೆ ಅಪ್ಪಟ ಗುಡ್ಡಗಾಡು. ಅರವತ್ತು ಕಿಲೋಮೀಟರ್ ಎಂದರೆ ಬಯಲುಸೀಮೆಯಲ್ಲಿ ಬೆಳಗಿನ ತಿಂಡಿಯೊಳಗೆ ಮುಗಿಸಬಹುದು. ಅದೇ ಅರವತ್ತರಲ್ಲಿ 1,200 ಮೀಟರ್ ಏರು ತುಂಬಿದ್ದರೆ ಮಧ್ಯಾಹ್ನದ ಊಟವೂ ದಾರಿಯಲ್ಲೇ.

ಬೆಂಗಳೂರಿನಲ್ಲಿದ್ದಾಗ ನಂದಿಬೆಟ್ಟ ಹತ್ತುತ್ತಿದ್ದೆ. ಅದು ಏಳೆಂಟು ಕಿಲೋಮೀಟರ್ ಉದ್ದದ ಏರು, ತಿರುವುಗಳು ಬೇಕಾದಷ್ಟಿವೆ, ಒಂದು ಲಯ ಹಿಡಿದರೆ ಮೇಲಿನವರೆಗೂ ಅದೇ ಲಯ ನಡೆಯುತ್ತದೆ. ಆ ಅಭ್ಯಾಸ ನಾನೀಗಿರುವ ಶೆಫೀಲ್ಡ್ ನಗರದ ಆಚೆಗಿನ ಗುಡ್ಡಗಳಿಗೆ ಅಷ್ಟಾಗಿ ಒಗ್ಗುವುದಿಲ್ಲ. ಇಲ್ಲಿನ ಏರು ಗಿಡ್ಡ, ಆದರೆ ಕಡಿದು. ಹಳ್ಳಿದಾರಿಗಳಲ್ಲಿ ಅನೇಕವು ಉಪ್ಪು, ಉಣ್ಣೆ ಹೇರಿಕೊಂಡು ಕುದುರೆಗಳು ನಡೆದ ಜಾಡಿನಲ್ಲೇ ಹುಟ್ಟಿದವು. ಹೇರು ಹೊತ್ತ ಕುದುರೆಗೆ ಹೇರ್‌ಪಿನ್ ತಿರುವು ಬೇಕಿರಲಿಲ್ಲ. ಹಾಗಾಗಿ ದಾರಿ ಸುತ್ತುಬಳಸದೆ ನೇರವಾಗಿ ಗುಡ್ಡದ ಮೇಲಕ್ಕೆ ಹೋಗುತ್ತದೆ. ಇನ್ನೂರು ಮೀಟರ್ ಹತ್ತಿ, ಅಷ್ಟನ್ನೂ ಇಳಿದು, ಮತ್ತೆ ಹತ್ತಬೇಕು. ಕಾಲಿಗೆ ಲಯ ಸಿಗುವ ಹೊತ್ತಿಗೆ ಏರು ಮುಗಿದಿರುತ್ತದೆ.

ದಾರಿ ಆರಿಸುವಾಗ ಮೊಬೈಲ್‌ಗಿಂತ ಮೊದಲು ಬಿಚ್ಚುವುದು ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆ ಆರ್ಡ್‌ನನ್ಸ್ ಸರ್ವೆಯ ಲ್ಯಾಂಡ್‌ರೇಂಜರ್ ನಕ್ಷೆ. ನನ್ನ ಸುತ್ತಾಟಕ್ಕೆ 110 ಮತ್ತು 119, ಎರಡು ಹಾಳೆ ಬೇಕು. ಅದರಲ್ಲಿ ರಸ್ತೆಯ ಗೆರೆಯ ಮೇಲೆ ಬಾಣದ ಮೊನೆಯಂಥ ಸಣ್ಣ ಗುರುತುಗಳಿರುತ್ತವೆ. ಒಂದು ಮೊನೆ ಇದ್ದರೆ ಶೇ. 14ರಿಂದ 20ರವರೆಗಿನ ಇಳಿಜಾರು (ಅಂದರೆ ನೂರು ಮೀಟರಿಗೆ 14ರಿಂದ 20 ಮೀಟರ್ ಏರು), ಜೋಡಿ ಮೊನೆ ಇದ್ದರೆ ಶೇ. 20ಕ್ಕಿಂತ ಕಡಿದು. ಮೊನೆ ತೋರಿಸುವುದು ಇಳಿಯುವ ದಿಕ್ಕನ್ನು. ಮೊಬೈಲ್ ಆ್ಯಪ್‌ಗಳು ಕೊಡುವ ಸರಾಸರಿ ಇಳಿಜಾರನ್ನು ನಾನು ನಂಬುವುದಿಲ್ಲ. ಸರಾಸರಿ ಶೇ. 8 ಎಂದು ಕಾಣುವ ಏರಿನ ನಡುವೆ ನೂರು ಮೀಟರ್ ಗೋಡೆ ಅಡಗಿರಬಹುದು, ಕಾಲು ಸೋಲುವುದು ಆ ನೂರು ಮೀಟರಿನಲ್ಲಿ. ನಕ್ಷೆಯಲ್ಲಿ ಜೋಡಿ ಮೊನೆಗಳನ್ನು ಪೆನ್ಸಿಲ್‌ನಲ್ಲಿ ಸುತ್ತುಹಾಕುತ್ತೇನೆ. ಒಂದು ದಿನದ ದಾರಿಯಲ್ಲಿ ಎರಡಕ್ಕಿಂತ ಹೆಚ್ಚು ಸುತ್ತು ಬಿದ್ದರೆ ದಾರಿ ಬದಲಾಯಿಸುತ್ತೇನೆ.

ಗೇರಿನ ಲೆಕ್ಕ ಮಾಡಿದರೆ ಆ ಗುರುತುಗಳ ಅರ್ಥ ತಿಳಿಯುತ್ತದೆ. ನನ್ನ ಸೈಕಲ್‌ನಲ್ಲಿ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ದೊಡ್ಡದಕ್ಕೂ 34. ಪೆಡಲ್ ಒಂದು ಸುತ್ತು ಬಂದರೆ ಗಾಲಿಯೂ ಒಂದೇ ಸುತ್ತು, ಸುಮಾರು 2.1 ಮೀಟರ್. ಮಿನಿಟಿಗೆ 60 ಸುತ್ತು ತುಳಿದರೆ ಗಂಟೆಗೆ ಏಳೂವರೆ ಕಿಲೋಮೀಟರ್ ವೇಗ. ನಾನು ಮತ್ತು ಸೈಕಲ್ ಸೇರಿ 85 ಕಿಲೋ ಎಂದಿಟ್ಟುಕೊಂಡರೆ, ಶೇ. 20ರ ಏರಿನಲ್ಲಿ ಆ ವೇಗಕ್ಕೆ ಭಾರ ಎತ್ತಲೆಂದೇ ಸುಮಾರು 340 ವ್ಯಾಟ್ ಬೇಕು. ಅದು ನನ್ನ ವಯಸ್ಸಿನ ಮಾತಲ್ಲ. ಮಿನಿಟಿಗೆ 40 ಸುತ್ತಿಗೆ ಇಳಿಸಿದರೆ 230 ವ್ಯಾಟ್ ಸಾಕು, ವೇಗ ಗಂಟೆಗೆ ಐದು ಕಿಲೋಮೀಟರ್. ಪಕ್ಕದಲ್ಲಿ ನಡೆದು ಹತ್ತುವವರು ಹೆಚ್ಚುಕಡಿಮೆ ಜೊತೆಯಲ್ಲೇ ಬರುತ್ತಾರೆ. ಇದಕ್ಕಿಂತ ತುಳಿಯಲು ಭಾರವಾದ ಗೇರ್ ಹಾಕಿಸಿಕೊಂಡು ಬಂದು ಮೊಣಕಾಲು ಹಿಡಿದುಕೊಂಡು ನಿಂತ ಯುವಕರನ್ನು ಬಹಳ ನೋಡಿದ್ದೇನೆ. ಅಂಗಡಿಯವರು ಏನೇ ಹೇಳಲಿ, ಹಿಂದೆ 34 ಹಲ್ಲು ಹಾಕಿಸಿಕೊಳ್ಳಿ.

ಕ್ಯಾಸಲ್‌ಟನ್ ಹಳ್ಳಿಯ ಪಕ್ಕದ ವಿನ್ನಟ್ಸ್ ಪಾಸ್‌ನಲ್ಲಿ ಈ ಲೆಕ್ಕವೆಲ್ಲ ಮೈಗೆ ಅರ್ಥವಾಗುತ್ತದೆ. ಅದೊಂದು ಸುಣ್ಣಕಲ್ಲಿನ ಕಂದರ. ಎರಡೂ ಬದಿಯಲ್ಲಿ ಹುಲ್ಲು ಹೊದ್ದ ಕಡಿದಾದ ಗೋಡೆಗಳು, ನಡುವೆ ರಸ್ತೆ, ರಸ್ತೆಯ ಮೇಲೆ ತಮ್ಮದೇ ಹಕ್ಕೆಂಬಂತೆ ಕುರಿಗಳು. ಸ್ಪೀಡ್‌ವೆಲ್ ಗುಹೆಯನ್ನು ದಾಟಿದ ಮೇಲೆ ಇಳಿಜಾರು ಹೆಚ್ಚುತ್ತಲೇ ಹೋಗಿ ಶೇ. 20 ಮೀರುತ್ತದೆ. ಸೀಟಿನ ಮೇಲೆ ಹಿಂದಕ್ಕೆ ಕೂತರೆ ಮುಂದಿನ ಗಾಲಿ ಹಗುರಾಗಿ ಎದ್ದೇಳುತ್ತದೆ, ಪೂರ್ತಿ ಎದ್ದು ನಿಂತರೆ ಒದ್ದೆ ರಸ್ತೆಯಲ್ಲಿ ಹಿಂದಿನ ಗಾಲಿ ಜಾರುತ್ತದೆ. ನಾನು ಸೀಟಿನ ಮುಂತುದಿಗೆ ಸರಿದು, ಮೊಣಕೈ ಮಡಚಿ, ಎದೆಯನ್ನು ಹ್ಯಾಂಡಲ್ ಕಡೆಗೆ ಬಗ್ಗಿಸುತ್ತೇನೆ. ಕಣ್ಣು ಮೇಲಿನ ತುದಿಯನ್ನು ನೋಡಬಾರದು, ಮುಂದಿನ ಹತ್ತು ಮೀಟರ್ ನೋಡಿದರೆ ಸಾಕು. ಮ್ಯಾಂಚೆಸ್ಟರ್‌ನಲ್ಲಿರುವ ಶಿರಸಿಯ ಗೆಳೆಯನೊಬ್ಬ ರೈಲಿನಲ್ಲಿ ಹೋಪ್ ನಿಲ್ದಾಣಕ್ಕೆ ಬಂದು ಜೊತೆಯಾಗುತ್ತಾನೆ. ಮೊದಲ ಸಲ ಇಲ್ಲಿ ನಡುದಾರಿಯಲ್ಲಿ ಇಳಿದು ನಿಂತವನು, “ಮಾರಾಯ, ಈ ರಸ್ತೆ ಮಾಡಿದವರು ನಮ್ಮ ದೇವಿಮನೆ ಘಾಟಿಯ ತಿರುವುಗಳನ್ನು ಒಂದು ಸಲ ನೋಡಿದ್ದರೆ ಸಾಕಿತ್ತು” ಎಂದ.

ವಾಸ್ತವದಲ್ಲಿ ಅವರೂ ಆ ಯೋಚನೆ ಮಾಡಿದ್ದರು. ವಿನ್ನಟ್ಸ್‌ನ ಕಡಿದಾದ ಏರು ತಪ್ಪಿಸಲೆಂದೇ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಪಕ್ಕದ ಮ್ಯಾಮ್ ಟಾರ್ ಬೆಟ್ಟದ ಮೈಮೇಲೆ ಸುತ್ತಿಸಿ ಹೊಸ ರಸ್ತೆ ಹಾಕಿದರು. ಆ ಬೆಟ್ಟದ್ದು ಪದರುಪದರಾದ ಸಡಿಲ ಕಲ್ಲು, ಮಳೆ ನೀರು ಕುಡಿದಾಗಲೆಲ್ಲ ಜರುಗುತ್ತದೆ. ರಿಪೇರಿ ಮಾಡಿ ಮಾಡಿ ಸಾಕಾಗಿ 1979ರಲ್ಲಿ ಆ ರಸ್ತೆಯನ್ನು ವಾಹನಗಳಿಗೆ ಶಾಶ್ವತವಾಗಿ ಮುಚ್ಚಿದರು. ಮುರಿದು ಕುಸಿದ ಡಾಂಬರಿನ ಪದರಗಳನ್ನು ಇಂದಿಗೂ ನಡೆದು ಹೋಗಿ ನೋಡಬಹುದು. ಹೀಗಾಗಿ ಕಾರುಗಳೆಲ್ಲ ಮತ್ತೆ ವಿನ್ನಟ್ಸ್‌ಗೇ ಬಂದವು. ಆದ್ದರಿಂದ ರಜಾದಿನದ ಮಧ್ಯಾಹ್ನ ನಾನು ಆ ಕಡೆ ತಲೆ ಹಾಕುವುದಿಲ್ಲ. ಹೋಗುವುದಾದರೆ ಬೆಳಿಗ್ಗೆ ಎಂಟರೊಳಗೆ. ಅದರಲ್ಲಿ ಇಳಿಯುವುದಂತೂ ನನಗೆ ಬೇಡವೇ ಬೇಡ.

ಇಳಿಯುವ ಮಾತಿಗೇ ಬರುತ್ತೇನೆ, ಏಕೆಂದರೆ ದಾರಿಯ ದಿಕ್ಕನ್ನು ನಾನು ತೀರ್ಮಾನಿಸುವುದು ಅದರಿಂದಲೇ: ಇಕ್ಕಟ್ಟಾದ ಕಡಿದು ದಾರಿಯಲ್ಲಿ ಹತ್ತು, ಅಗಲವಾದ ದಾರಿಯಲ್ಲಿ ಇಳಿ. ಹತ್ತುವಾಗ ಐದು ಕಿಲೋಮೀಟರ್ ವೇಗದಲ್ಲಿ ಕುರಿ ಎದುರಾದರೂ ಟ್ರ್ಯಾಕ್ಟರ್ ಎದುರಾದರೂ ತೊಂದರೆಯಿಲ್ಲ. ಇಳಿಯುವಾಗ ಎರಡೂ ಕಡೆ ಗಾರೆಯಿಲ್ಲದ ಕಲ್ಲುಗೋಡೆ, ತಿರುವಿನಾಚೆ ಏನಿದೆಯೋ ಕಾಣದು. ಕೆಲವೆಡೆ ದನಕುರಿ ದಾಟದಿರಲೆಂದು ರಸ್ತೆಗೆ ಅಡ್ಡವಾಗಿ ಕಬ್ಬಿಣದ ಕಂಬಿಗಳನ್ನು ಸಾಲಾಗಿ ಹಾಸಿರುತ್ತಾರೆ. ಒದ್ದೆಯಾದಾಗ ಅವು ಎಣ್ಣೆ ಸವರಿದಂತಿರುತ್ತವೆ. ಬ್ರೇಕನ್ನು ಮೊದಲೇ ಒತ್ತಿ ಮುಗಿಸಿ, ಕಂಬಿಗಳ ಮೇಲೆ ನೇರವಾಗಿ, ಬ್ರೇಕ್ ಮುಟ್ಟದೆ ದಾಟಬೇಕು.

ಎರಡನೆಯದು ಗಾಳಿ. ಇಲ್ಲಿ ಬೀಸುವುದು ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ. ಶೆಫೀಲ್ಡ್ ಇರುವುದು ಗುಡ್ಡಗಳ ಪೂರ್ವಕ್ಕೆ. ಬೆಳಿಗ್ಗೆ ಕಾಲಲ್ಲಿ ಕಸುವಿರುವಾಗ ಗಾಳಿಗೆ ಎದುರಾಗಿ ಹೋದರೆ ಸುಸ್ತಾದ ಹೊತ್ತಿಗೆ ಅದೇ ಗಾಳಿ ಬೆನ್ನು ತಳ್ಳುತ್ತದೆ.

ಇವೆರಡನ್ನೂ ಹೊಂದಿಸಿ ಕೂಡಿಸಿದ ನನ್ನ ಮೆಚ್ಚಿನ ದಾರಿ ಹೀಗಿದೆ. ಶೆಫೀಲ್ಡ್‌ನಿಂದ ರಿಂಗಿಂಗ್‌ಲೋ ಏರಿ, ಬರ್ಬೇಜ್ ಬಯಲು ದಾಟಿ ಹ್ಯಾದರ್‌ಸೇಜ್‌ಗೆ ಇಳಿಯುತ್ತೇನೆ. ಅಲ್ಲಿಂದ ಹೋಪ್‌ವರೆಗೆ ಕಣಿವೆಯ ಸಮತಟ್ಟು ದಾರಿ. ಹೋಪ್‌ನಲ್ಲಿ ಬಲಕ್ಕೆ ತಿರುಗಿ ಈಡೇಲ್ ಕಣಿವೆಯೊಳಗೆ ಹೋದರೆ ಬಾರ್ಬರ್ ಬೂತ್ ದಾಟಿದ ಕೂಡಲೇ ಮ್ಯಾಮ್ ನಿಕ್ ಏರು ಶುರು. ಎರಡು ಕಿಲೋಮೀಟರ್ ಆಸುಪಾಸಿನ ಈ ಏರು ನನಗೆ ವಿನ್ನಟ್ಸ್‌ಗಿಂತ ಇಷ್ಟ. ವಾಹನ ಕಡಿಮೆ, ದಾರಿ ಗುಡ್ಡದ ಪಕ್ಕೆ ಹಿಡಿದು ಹೋಗುತ್ತದೆ, ಬೆನ್ನಹಿಂದೆ ಇಡೀ ಈಡೇಲ್ ಬಿಚ್ಚಿಕೊಳ್ಳುತ್ತದೆ. 2014ರ ಟೂರ್ ಡಿ ಫ್ರಾನ್ಸ್‌ನ ಎರಡನೇ ಹಂತ ಯಾರ್ಕ್‌ನಿಂದ ಶೆಫೀಲ್ಡ್‌ಗೆ ಬಂದಾಗ ಹೋಮ್ ಮಾಸ್ ಎಂಬ ಇನ್ನೊಂದು ಗುಡ್ಡ ಹತ್ತಿತ್ತು. ಅಂದಿನಿಂದ ಹೊಸಬರೆಲ್ಲ ಅದರ ಹೆಸರನ್ನೇ ಜಪಿಸುತ್ತಾರೆ. ಒಂದು ಸಲ ಹೋಗಿ ಬನ್ನಿ, ತಪ್ಪಿಲ್ಲ. ಆದರೆ ಮತ್ತೆ ಮತ್ತೆ ಹೋಗಬೇಕೆನಿಸುವುದು ಮ್ಯಾಮ್ ನಿಕ್‌ಗೆ.

ಮೇಲೆ ತಲುಪಿದ ಮೇಲೆ ಗಾಳಿ ತಡೆಯುವ ತೆಳು ಅಂಗಿಯನ್ನು ನಿಲ್ಲದೆ ಹಾಕಿಕೊಳ್ಳುತ್ತೇನೆ. ಜುಲೈನಲ್ಲಿಯೂ ಬೆವರಿದ ಮೈ ಐದೇ ನಿಮಿಷದಲ್ಲಿ ನಡುಗತೊಡಗುತ್ತದೆ. ಜೇಬಿನಲ್ಲಿ ಕಡಲೆಮಿಠಾಯಿ ಇರುತ್ತದೆ. ಚಳಿಗೆ ಗಟ್ಟಿಯಾಗುವ ದುಬಾರಿ ಎನರ್ಜಿ ಬಾರ್‌ಗಳಿಗಿಂತ ನನ್ನ ಹೊಟ್ಟೆಗೆ ಅದೇ ಸರಿ. ಅಲ್ಲಿಂದ ಸ್ಪ್ಯಾರೋಪಿಟ್, ಪೀಕ್ ಫಾರೆಸ್ಟ್ ಮಾರ್ಗವಾಗಿ ಹಳ್ಳಿದಾರಿಗಳಲ್ಲಿ ಟೈಡ್ಸ್‌ವೆಲ್ ಸೇರಿದರೆ ಚಹಾ. ಮುಂದೆ ಲಿಟನ್, ಫೂಲೋ, ಈಮ್. 1665ರಲ್ಲಿ ಪ್ಲೇಗ್ ಬಂದಾಗ ಸುತ್ತಲಿನ ಊರುಗಳಿಗೆ ಹರಡದಿರಲೆಂದು ಹೊರಗಿನ ಸಂಪರ್ಕ ಕಡಿದುಕೊಂಡ ಹಳ್ಳಿ ಈಮ್. ಈ ಭಾಗವೆಲ್ಲ ಬೆನ್ನಿಗೆ ಗಾಳಿ, ಜೋಡಿ ಮೊನೆಗಳ ಕಾಟವೂ ಇಲ್ಲ.

ವಾಹನದವರ ಬಗ್ಗೆ ಒಂದು ಮಾತು. 2022ರ ಜನವರಿಯಲ್ಲಿ ಬದಲಾದ ಇಲ್ಲಿನ ರಸ್ತೆ ನಿಯಮಗಳ ಪುಸ್ತಕ ಹೈವೇ ಕೋಡ್ ಪ್ರಕಾರ ಸೈಕಲ್ ಹಿಂದಿಕ್ಕುವಾಗ ಗಂಟೆಗೆ 30 ಮೈಲಿ ವೇಗದವರೆಗೂ ಕನಿಷ್ಠ ಒಂದೂವರೆ ಮೀಟರ್ ಅಂತರ ಬಿಡಬೇಕು. ಇಕ್ಕಟ್ಟಾದ ಏರಿನಲ್ಲಿ ಅಷ್ಟು ಜಾಗವೇ ಇರುವುದಿಲ್ಲ. ಹಾಗಾಗಿ ನಾನು ಗೋಡೆಗೆ ಅಂಟಿಕೊಳ್ಳದೆ ದಾರಿಯ ನಡುವಿನಲ್ಲೇ ಹೋಗಿ, ಗೇಟಿನ ಮುಂದೆ ಜಾಗ ಸಿಕ್ಕಾಗ ಸರಿದು ದಾರಿ ಬಿಡುತ್ತೇನೆ. ಬಹಳ ಮಂದಿ ಕೈಯೆತ್ತಿ ವಂದಿಸಿ ಹೋಗುತ್ತಾರೆ.

ಈಮ್‌ನಿಂದ ಇಳಿದರೆ ಗ್ರಿಂಡಲ್‌ಫರ್ಡ್. ದಾರಿಯನ್ನು ಇಲ್ಲಿ ಸೇರುವಂತೆ ಹೆಣೆದಿರುವುದಕ್ಕೆ ಕಾರಣವಿದೆ. ಶೆಫೀಲ್ಡ್-ಮ್ಯಾಂಚೆಸ್ಟರ್ ರೈಲುಮಾರ್ಗದ ಈ ಪುಟ್ಟ ನಿಲ್ದಾಣದ ಪಕ್ಕದಲ್ಲೇ ಟಾಟ್ಲಿ ಸುರಂಗದ ಬಾಯಿ. ಐದೂವರೆ ಕಿಲೋಮೀಟರಿಗೂ ಉದ್ದದ ಆ ಸುರಂಗದಲ್ಲಿ ರೈಲು ಬೆಳಿಗ್ಗೆ ನಾನು ಹತ್ತಿದ ಗುಡ್ಡದ ಸಾಲಿನ ಅಡಿಯಲ್ಲೇ ತೂರಿ ಶೆಫೀಲ್ಡ್ ಕಡೆಗೆ ಹೋಗುತ್ತದೆ. ರೈಲಿನಲ್ಲಿ ಸೈಕಲ್ ಇಡುವ ಜಾಗ ಕಡಿಮೆ, ಬಿಸಿಲಿನ ಭಾನುವಾರ ಅದೂ ಸಿಗದೆ ಹೋಗಬಹುದು. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುವುದರಿಂದ, ಮೂರರ ನಂತರ ಇಲ್ಲಿಗೆ ಬಂದರೆ ಯೋಚಿಸದೆ ಟಿಕೆಟ್ ತೆಗೆದುಕೊಳ್ಳುತ್ತೇನೆ. ಬೆಳಕಿದ್ದು ಕಾಲೂ ಒಪ್ಪಿದರೆ ಕಾಡಿನ ನಡುವೆ ಫಾಕ್ಸ್ ಹೌಸ್‌ವರೆಗೆ ಕೊನೆಯ ಏರು. ಅದು ನಂದಿಯಂತೆ ಒಂದೇ ಸಮನಾಗಿ ಏರುವ, ಲಯ ಕೊಡುವ ದಾರಿ. ಅದರ ತುದಿಯಿಂದ ಮನೆಯವರೆಗೆ ಬಹುತೇಕ ಇಳಿಜಾರೇ.