ಗೋಲು ಹುಟ್ಟುವುದು ಕೈಯಲ್ಲಿ

ಮೆಲ್ಬರ್ನ್‌ನ ಪಶ್ಚಿಮ ಭಾಗದ ಒಂದು ಸಣ್ಣ ಕ್ಲಬ್ಬಿಗೆ ನಾನು 2012ರಿಂದ 2019ರವರೆಗೆ ಎಂಟು ಸೀಸನ್ ಫೂಟಿ, ಅಂದರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಆಡಿದೆ. ಹೆಚ್ಚಿನ ಸಲ ಗೋಲಿನ ಎದುರಿಗೇ ನಿಲ್ಲುವ ಫುಲ್ ಫಾರ್ವರ್ಡ್ ಜಾಗ ನನ್ನದು. ಸಂಬಳದ ಆಟವಲ್ಲ. ಮಂಗಳವಾರ, ಗುರುವಾರ ಆಫೀಸು ಮುಗಿಸಿ ಪ್ರಾಕ್ಟೀಸಿಗೆ ಓಡುವುದು, ಶನಿವಾರ ಮ್ಯಾಚು. ಮಂಡ್ಯ ಕಡೆಯ ಹಳ್ಳಿಯಲ್ಲಿ ಕಬಡ್ಡಿ ಆಡಿ ಬೆಳೆದವನು ನಾನು. ಫೂಟಿಯ ಶೆರಿನ್ ಚೆಂಡನ್ನು ಮೊದಲು ಮುಟ್ಟಿದಾಗ ನನಗೆ 26 ವರ್ಷ.

ಊರಿನ ಹುಡುಗರು ಫೋನಿನಲ್ಲಿ ಈಗಲೂ ಕೇಳುತ್ತಾರೆ, ‘ಅಣ್ಣ, ಅದು ರಗ್ಬಿ ತಾನೆ?’ ಅಂತ. ಅಲ್ಲ. ಬೇಸಿಗೆಯಲ್ಲಿ ಕ್ರಿಕೆಟ್ ನಡೆಯುವ ಮೈದಾನದಲ್ಲೇ ಚಳಿಗಾಲ ಬಂದರೆ ಫೂಟಿ. ಒಂದೊಂದು ಕಡೆ 18 ಜನ. ಗೋಲ್‌ಕೀಪರ್ ಇಲ್ಲ, ಅಡ್ಡಪಟ್ಟಿ ಇಲ್ಲ, ನಾಲ್ಕು ಕಂಬಗಳು ಮಾತ್ರ. ನಡುವಿನ ಎರಡು ಎತ್ತರದ ಕಂಬಗಳ ನಡುವೆ 6.4 ಮೀಟರ್ ಜಾಗ. ಅಲ್ಲಿ ಒದ್ದು ದಾಟಿಸಿದರೆ ಗೋಲು, 6 ಪಾಯಿಂಟ್. ಅದರ ಪಕ್ಕದಲ್ಲಿ ಹೋದರೆ ಬಿಹೈಂಡ್, 1 ಪಾಯಿಂಟ್. ಒದ್ದ ಚೆಂಡು ಕನಿಷ್ಠ 15 ಮೀಟರ್ ಬಂದು, ಅದನ್ನು ಯಾರೂ ಮುಟ್ಟುವ ಮೊದಲು ನೀವು ಹಿಡಿದರೆ ಅದು ಮಾರ್ಕ್. ಆಗ ನಿಮ್ಮ ಮೇಲೆ ಯಾರೂ ಬೀಳುವಂತಿಲ್ಲ. ಗೋಲಿನ ಹತ್ತಿರ ಮಾರ್ಕ್ ಹಿಡಿದರೆ ನಿಂತು, ನೋಡಿ, ಓಡಿ ಬಂದು ಒದೆಯಬಹುದು. ಅದೇ ಸೆಟ್ ಶಾಟ್. ಫಾರ್ವರ್ಡ್ ಆದವನ ಬದುಕೆಲ್ಲ ಈ ಸೆಟ್ ಶಾಟಿನ ಸುತ್ತಲೇ ತಿರುಗುತ್ತದೆ.

ಮೊದಲ ವರ್ಷ ನನಗೆ ಮಾರ್ಕ್ ಹಿಡಿಯುವುದು ಬೇಗ ಬಂತು. ಕಾರಣ ಕಬಡ್ಡಿ. ರೈಡ್‌ಗೆ ಹೋದವನು ಬಲಕ್ಕೆ ಹೆಜ್ಜೆ ಹಾಕಿದ ಹಾಗೆ ಮಾಡಿ ಎಡಕ್ಕೆ ನುಗ್ಗುತ್ತಾನಲ್ಲ, ಫಾರ್ವರ್ಡ್‌ನ ‘ಲೀಡ್’ ಎಂಬುದೂ ಅದೇ. ಗೋಲಿನ ಕಡೆ ಎರಡು ಹೆಜ್ಜೆ ಹಿಂದೆ ಓಡು. ನಿನ್ನನ್ನು ಕಾಯುವ ಫುಲ್ ಬ್ಯಾಕ್‌ನ ಭಾರ ಹಿಮ್ಮಡಿಗೆ ಬಿದ್ದದ್ದು ಕಂಡ ಕೂಡಲೇ ತಿರುಗಿ ಚೆಂಡಿನ ಕಡೆ ಬಾಣದ ಹಾಗೆ ಬಾ. ಅಷ್ಟರಲ್ಲಿ ನಿನಗೆ ಮೂರು ಗಜ ಸಿಕ್ಕಿರುತ್ತದೆ.

ಕಲಿಯಲು ಕಷ್ಟವಾದದ್ದು ಯಾವಾಗ ಹೊರಡಬೇಕು ಎಂಬುದು. ನಮ್ಮವನ ಕೈಗೆ ಚೆಂಡು ಸಿಕ್ಕಿತು ಅಂತ ನಾನು ಹೊರಟುಬಿಡುತ್ತಿದ್ದೆ. ಅವನು ತಲೆ ಎತ್ತಿ ನೋಡುವ ಹೊತ್ತಿಗೆ ನನ್ನ ಓಟ ಮುಗಿದಿರುತ್ತಿತ್ತು. ಅವನ ಗಲ್ಲ ಮೇಲೆದ್ದ ಮೇಲೆ ಹೊರಡಬೇಕು, ಅದಕ್ಕಿಂತ ಮೊದಲಲ್ಲ. ಇದು ಮೈಗೆ ಹತ್ತಲು ಎರಡು ಸೀಸನ್ ಬೇಕಾಯಿತು. ಹತ್ತು ಸಲ ಹೀಗೆ ಓಡಿದರೆ ಎರಡು ಸಲ ಚೆಂಡು ಬರುತ್ತದೆ. ಉಳಿದ ಎಂಟು ಓಟ ವ್ಯರ್ಥ ಅಂದುಕೊಂಡವನು ಈ ಜಾಗದಲ್ಲಿ ಬಹಳ ದಿನ ಉಳಿಯುವುದಿಲ್ಲ. ನಾನು ಬದಿಗೆ ಎಳೆದುಕೊಂಡು ಹೋದ ಫುಲ್ ಬ್ಯಾಕ್ ಬಿಟ್ಟ ಜಾಗದಲ್ಲೇ ನಮ್ಮ ಇನ್ನೊಬ್ಬ ಹುಡುಗ ಮಾರ್ಕ್ ಹಿಡಿಯುತ್ತಿದ್ದ.

ಆದರೆ ಹಿಡಿದ ಚೆಂಡನ್ನು ಒದೆಯಲು ಬರುತ್ತಿರಲಿಲ್ಲ. ಮೊದಲ ಸೀಸನ್ನಿನಲ್ಲಿ ನನ್ನ ಲೆಕ್ಕ 9 ಗೋಲು, 23 ಬಿಹೈಂಡ್. 30 ಮೀಟರ್ ದೂರದಿಂದ, ಸರಿಯಾಗಿ ಎದುರಿನಿಂದ ತಪ್ಪಿಸಿದ್ದೇನೆ. ತಂಡದವರು ಒಂದು ಮಾತೂ ಆಡದೆ ಬೆನ್ನು ತಟ್ಟಿ ಹೋಗುತ್ತಿದ್ದರು. ಬೈದಿದ್ದರೆ ವಾಸಿಯಿತ್ತು. ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ನಮ್ಮ ಕೋಚ್ ಹಿಂದೆ ಫುಲ್ ಬ್ಯಾಕ್ ಆಡಿದ್ದ ಅರವತ್ತು ದಾಟಿದ ಮನುಷ್ಯ. 2013ರ ಜನವರಿಯ ಉರಿಬಿಸಿಲಿನಲ್ಲಿ ನನ್ನನ್ನು ಬೌಂಡರಿ ಗೆರೆಯ ಮೇಲೆ ನಿಲ್ಲಿಸಿದರು. ‘ಒದೆಯಬೇಡ, ಬರೀ ಬೀಳಿಸು’ ಅಂದರು. ಮೊಟ್ಟೆಯಾಕಾರದ ಆ ಚೆಂಡು ನೇರ ಬಿದ್ದರೆ ಗೆರೆಯ ಮೇಲೇ ಪುಟಿಯುತ್ತದೆ, ಕೂದಲೆಳೆಯಷ್ಟು ಓರೆಯಾದರೂ ಪಕ್ಕಕ್ಕೆ ಹಾರುತ್ತದೆ. ನನ್ನದು ಹತ್ತಕ್ಕೆ ಎಂಟು ಸಲ ಪಕ್ಕಕ್ಕೇ ಹೋಯಿತು. ತಪ್ಪು ಕಾಲಿನದಲ್ಲ, ಕೈಯದು ಎಂದು ಅವತ್ತು ಗೊತ್ತಾಯಿತು.

ನೇರವಾಗಿ ಹೋಗುವ ಒದೆತಕ್ಕೆ ಡ್ರಾಪ್ ಪಂಟ್ ಅನ್ನುತ್ತಾರೆ. ಚೆಂಡು ಹಿಮ್ಮುಖವಾಗಿ ಪಲ್ಟಿ ಹೊಡೆಯುತ್ತಾ ಹೋಗುತ್ತದೆ, ಆ ಪಲ್ಟಿಯೇ ಅದನ್ನು ದಾರಿ ತಪ್ಪದಂತೆ ಕಾಯುತ್ತದೆ. ನಾನು ಬಲಗಾಲಿನವನು. ಎಡಗೈ ಮೊದಲು ಚೆಂಡು ಬಿಡಬೇಕು, ಬಲಗೈ ಅದನ್ನು ಸೊಂಟದ ಎತ್ತರದವರೆಗೆ ಕೆಳಗಿಳಿಸಿ, ತೊಟ್ಟಿಲಲ್ಲಿ ಮಗು ಮಲಗಿಸಿದ ಹಾಗೆ ಬಿಡಬೇಕು. ಎದೆಯ ಎತ್ತರದಿಂದ ಬಿಟ್ಟರೆ ನಡುವೆ ಗಾಳಿ ತನ್ನ ಕೆಲಸ ಮಾಡುತ್ತದೆ. ಮೆಲ್ಬರ್ನ್‌ನ ಜುಲೈ ಗಾಳಿ ಎಂಥದ್ದೆಂದು ಇಲ್ಲಿರುವವರಿಗೆ ಗೊತ್ತು. ಆ ಬೇಸಿಗೆ ಆಫೀಸಿಗೆ ಹೋಗುವ ಮೊದಲು ಮನೆಯ ಹಿತ್ತಲಲ್ಲಿ ದಿನಕ್ಕೆ ನೂರು ಸಲ ಚೆಂಡು ಬೀಳಿಸಿದೆ. ಹೆಂಡತಿ ಅಡುಗೆಮನೆ ಕಿಟಕಿಯಿಂದ ಎಣಿಸುತ್ತಿದ್ದಳು.

ಆಮೇಲೆ ಉಳಿದದ್ದು ಮನಸ್ಸಿನ ಕೆಲಸ. ಫೂಟಿಯ ದೊಡ್ಡ ಲೀಗಾದ ಎಎಫ್‌ಎಲ್‌ನಲ್ಲಿ ಎಸೆಂಡನ್ ತಂಡದ ಮ್ಯಾಥ್ಯೂ ಲಾಯ್ಡ್ ಪ್ರತಿ ಸೆಟ್ ಶಾಟಿಗೆ ಮುಂಚೆ ಒಂದು ಹಿಡಿ ಹುಲ್ಲು ಕಿತ್ತು ಗಾಳಿಗೆ ತೂರುತ್ತಿದ್ದರು. ಅದು ಗಾಳಿ ಎತ್ತ ಬೀಸುತ್ತಿದೆ ಅಂತ ನೋಡಲು ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಈಗ ಅರ್ಥವಾಗುತ್ತದೆ. ಪ್ರತಿ ಸಲ ಅದೇ ಕೆಲಸವನ್ನು ಅದೇ ಕ್ರಮದಲ್ಲಿ ಮಾಡಿದರೆ ದೇಹಕ್ಕೆ ಮುಂದಿನದು ತಾನಾಗಿಯೇ ನೆನಪಾಗುತ್ತದೆ. ಅವರು 926 ಗೋಲು ಹೊಡೆದರು, ಸೀಸನ್ನಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವರಿಗೆ ಕೊಡುವ ಕೋಲ್‌ಮನ್ ಮೆಡಲನ್ನು ಮೂರು ಸಲ ಗೆದ್ದರು.

ನಾನೂ ಒಂದು ಕ್ರಮ ಕಟ್ಟಿಕೊಂಡೆ. ಸೆಟ್ ಶಾಟಿಗೆ ಸಿಗುವುದು 30 ಸೆಕೆಂಡು. ಕಬಡ್ಡಿಯ ಒಂದು ರೈಡಿಗೂ ಅಷ್ಟೇ! ಇದು ಹೊಳೆದ ದಿನ ಎದೆ ಹಗುರಾಯಿತು, ಆ ಸಮಯವನ್ನು ನನ್ನ ಮೈ ಬಾಲ್ಯದಿಂದಲೇ ಬಲ್ಲದು. ಮಾರ್ಕ್ ಹಿಡಿದ ಜಾಗದಿಂದ ಹಿಂದಕ್ಕೆ ಹನ್ನೆರಡು ಹೆಜ್ಜೆ ಎಣಿಸುವುದು. ಕಂಬಗಳನ್ನು ನೋಡದೆ ಅವುಗಳ ಹಿಂದೆ ಯಾವುದಾದರೂ ಒಂದು ಸಣ್ಣ ವಸ್ತುವನ್ನು ಹಿಡಿದುಕೊಳ್ಳುವುದು. ನಮ್ಮ ಮೈದಾನದಲ್ಲಿ ಅದು ಒಂದು ನೀಲಗಿರಿ ಮರದ ಕವಲು. ಮತ್ತೆ ‘ಕಬಡ್ಡಿ ಕಬಡ್ಡಿ’ ಎಂದು ಒಂದೇ ಉಸಿರಿನಲ್ಲಿ ಮೆಲ್ಲಗೆ ಹೇಳುತ್ತಾ ಅದೇ ಮರದ ಕಡೆಗೆ ನೇರ ಓಡುವುದು. ನಾಲ್ಕನೇ ಸೀಸನ್ನಿನ ಹೊತ್ತಿಗೆ ಮೂರು ಶಾಟಿಗೆ ಎರಡು ಗೋಲಾಗತೊಡಗಿದವು.

ದೊಡ್ಡವರ ಲೆಕ್ಕ ಬೇರೆಯೇ. ಟೋನಿ ಲಾಕೆಟ್ 281 ಮ್ಯಾಚುಗಳಲ್ಲಿ 1360 ಗೋಲು ಹೊಡೆದಿದ್ದಾರೆ. ಗಾರ್ಡನ್ ಕವೆಂಟ್ರಿ 1937ರಲ್ಲಿ ನಿವೃತ್ತರಾದಾಗ ಬಿಟ್ಟುಹೋದ 1299ರ ದಾಖಲೆಯನ್ನು ಅವರು ಮುರಿದದ್ದು 1999ರ ಜೂನ್ 6ರಂದು, ಸಿಡ್ನಿ ಕ್ರಿಕೆಟ್ ಗ್ರೌಂಡಿನಲ್ಲಿ. ಅಷ್ಟು ಭಾರಿ ತೂಕದ ಮನುಷ್ಯ ಹನ್ನೆರಡು ವರ್ಷದ ಹುಡುಗನ ಹಾಗೆ ಹಗುರವಾಗಿ ಚೆಂಡು ಬಿಡುವುದನ್ನು ಹಳೆಯ ವಿಡಿಯೋಗಳಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ.

ನನ್ನ ಆಟ ಮುಗಿದದ್ದು 2019ರ ಆಗಸ್ಟಿನಲ್ಲಿ. ಒದ್ದೆ ನೆಲ, ಲೀಡಿಗೆ ತಿರುಗಿದೆ, ಬೂಟು ಹುಲ್ಲಿನಲ್ಲಿ ಸಿಕ್ಕಿಕೊಂಡಿತು, ಮೊಣಕಾಲು ಮಾತ್ರ ತಿರುಗಿತು. ಲಟಕ್ಕೆಂದ ಸದ್ದು ನನಗೇ ಕೇಳಿಸಿತು. ಆಪರೇಷನ್ ಆಗಿ ಮಲಗಿದ್ದಾಗ ಜಾನ್ ಕೋಲ್‌ಮನ್ ಬಗ್ಗೆ ಓದಿದೆ. 1949ರ ಮೊದಲ ಮ್ಯಾಚಿನಲ್ಲೇ 12 ಗೋಲು, 98 ಮ್ಯಾಚಿಗೆ 537 ಗೋಲು. 1954ರಲ್ಲಿ ಮೊಣಕಾಲು ಹೋಯಿತು, ಆಗ ಅವರಿಗೆ 25 ವರ್ಷ, ಮತ್ತೆ ಆಡಲೇ ಇಲ್ಲ. ಲಾಯ್ಡ್ ಮೂರು ಸಲ ಗೆದ್ದ ಆ ಮೆಡಲಿಗೆ ಇರುವುದು ಇವರದೇ ಹೆಸರು. ನನಗೆ 33ರವರೆಗೆ ಆಡಲು ಸಿಕ್ಕಿತ್ತು. ಮತ್ತೆ ದೂರಲಿಲ್ಲ.

2020ರಲ್ಲಿ ಕೋವಿಡ್‌ನಿಂದ ನಮ್ಮ ಸೀಸನ್ನೇ ನಡೆಯಲಿಲ್ಲ. 2022ರ ಮಾರ್ಚ್ 25ರ ರಾತ್ರಿ ಸಿಡ್ನಿ ತಂಡದ ಲ್ಯಾನ್ಸ್ ಫ್ರಾಂಕ್ಲಿನ್ ತಮ್ಮ ಸಾವಿರನೇ ಗೋಲು ಹೊಡೆದಾಗ, ಜನ ಸಾಗರದಂತೆ ಮೈದಾನಕ್ಕೆ ನುಗ್ಗಿದ್ದನ್ನು ಟಿವಿಯಲ್ಲಿ ನೋಡುತ್ತಾ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದೆ. ಮರುದಿನವೇ ಕ್ಲಬ್ಬಿಗೆ ಫೋನ್ ಮಾಡಿ, ಗೋಲ್ ಅಂಪೈರ್ ಬೇಕಾ ಅಂತ ಕೇಳಿದೆ.

ಈಗ ಶನಿವಾರ ಬೆಳಿಗ್ಗೆ ರಿಸರ್ವ್ಸ್ (ಎರಡನೇ ತಂಡದ) ಮ್ಯಾಚಿಗೆ ಬಿಳಿ ಕೋಟು ತೊಟ್ಟು ಎರಡು ಕಂಬಗಳ ನಡುವೆ ನಿಲ್ಲುತ್ತೇನೆ. ಇಲ್ಲಿಂದ ಆಟ ಬೇರೆ ಥರ ಕಾಣುತ್ತದೆ. ಹುಡುಗ ಓಡಿ ಬರುವಾಗ ಎಲ್ಲರ ಕಣ್ಣು ಅವನ ಕಾಲ ಮೇಲಿದ್ದರೆ ನನ್ನ ಕಣ್ಣು ಅವನ ಕೈಯ ಮೇಲೆ. ಕಾಲು ಚೆಂಡಿಗೆ ತಾಗುವ ಮೊದಲೇ ಬಹಳ ಸಲ ನನಗೆ ಗೊತ್ತಾಗಿಬಿಡುತ್ತದೆ. ಆದರೂ ಚೆಂಡು ಕಂಬಕ್ಕೆ ತಾಗಿತೋ, ಯಾರ ಬೆರಳಾದರೂ ಸೋಕಿತೋ, ಪೂರ್ತಿ ಗೆರೆ ದಾಟಿತೋ ಎಂದು ನೋಡಿಕೊಳ್ಳಬೇಕು. ಆಮೇಲೆ ಫೀಲ್ಡ್ ಅಂಪೈರ್ ‘ಆಲ್ ಕ್ಲಿಯರ್’ ಅನ್ನುವವರೆಗೆ ಗೋಲು ಸಾರುವ ಎರಡೂ ಬಾವುಟ ಕಂಬದ ಬುಡದಲ್ಲೇ ಇರಬೇಕು. ಆ ಎರಡು ಸೆಕೆಂಡು ಅಲುಗಾಡದೆ ನಿಲ್ಲಲು ನನಗೆ ಇನ್ನೂ ಕಷ್ಟ.