ಆರು ಚಾನೆಲ್, ಒಂದು ಗ್ರೌಂಡ್: ನನ್ನ 5.1 ಆಂಪ್ಲಿಫೈಯರಿನ ಗುಂಯ್ ಸದ್ದು ನಿಂತದ್ದು ಹೀಗೆ

ಒಂದೇ ಚಾನೆಲ್ ಜೋಡಿಸಿದರೆ ಹಮ್ಮಿಂಗ್ ಬಹಳ ಕಡಿಮೆ. ಎರಡನೆಯ ಚಾನೆಲ್ ಜೋಡಿಸಿದ ತಕ್ಷಣ ಎರಡೂ ಸ್ಪೀಕರಿನಲ್ಲಿ ಗುಂಯ್ ಎಂದು ಶುರು. ಆರೂ ಜೋಡಿಸಿದರೆ ಸಬ್‌ವೂಫರ್ ಹತ್ತಿರ ಕೂರಲು ಆಗುತ್ತಿರಲಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಆಲಾಪ ಹಾಕಿದರೆ ತಂಬೂರಿಯ ಕೆಳಗೆ ಇನ್ನೊಂದು ತಪ್ಪು ಶ್ರುತಿ ಮೀಟಿದ ಹಾಗೆ ಕೇಳುತ್ತಿತ್ತು. ಎರಡು ತಿಂಗಳು ಇದರ ಹಿಂದೆಯೇ ಬಿದ್ದಿದ್ದೆ.

ಒಳಗಿರುವುದು ಇಷ್ಟು: ಆರು ಟಿಡಿಎ 7294 (ಆಂಪ್ಲಿಫೈಯರ್ ಐಸಿ) ಬೋರ್ಡ್, 24-0-24 ವೋಲ್ಟಿನ ಟೊರಾಯ್ಡಲ್ (ಬಳೆಯಾಕಾರದ) ಟ್ರಾನ್ಸ್‌ಫಾರ್ಮರ್, ಪ್ಲಸ್ಸಿಗೆ ಮತ್ತು ಮೈನಸ್ಸಿಗೆ ಒಂದೊಂದು 10,000 ಮೈಕ್ರೋಫ್ಯಾರಡ್ ಕೆಪಾಸಿಟರ್, ಬೇರೆ ಪುಟ್ಟ ಟ್ರಾನ್ಸ್‌ಫಾರ್ಮರಿನಿಂದ ನಡೆಯುವ ಒಂದು 5.1 ಡಿಕೋಡರ್ (ಸದ್ದನ್ನು ಐದು ಸ್ಪೀಕರ್, ಒಂದು ಸಬ್‌ವೂಫರ್ ಎಂದು ಆರು ಚಾನೆಲ್ಲಾಗಿ ಬಿಡಿಸುವ ಬೋರ್ಡ್). ಎಲ್ಲವನ್ನೂ ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದಿದ್ದೆ.

ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು, ಕೆಪಾಸಿಟರ್ ಜಾಸ್ತಿ ಹಾಕಿ ಎಂದು. ಇನ್ನೆರಡು ಹಾಕಿದೆ. ಸದ್ದು ಇನ್ನೂ ಚೂಪಾಯಿತು! ಆಮೇಲೆ ಯೋಚಿಸಿದಾಗ ಕಾರಣ ಹೊಳೆಯಿತು. ಕೆಪಾಸಿಟರ್ ದೊಡ್ಡದಾದಷ್ಟೂ ಅದು ಕರೆಂಟನ್ನು ಸಣ್ಣ ಹೊತ್ತಿನಲ್ಲಿ, ಜೋರಾಗಿ ಎಳೆದುಕೊಳ್ಳುತ್ತದೆ. ಆ ಕರೆಂಟ್ ಯಾವ ದಾರಿಯಲ್ಲಿ ಹೋಗುತ್ತಿದೆ ಎಂಬುದೇ ಮುಖ್ಯ, ಅಲ್ವಾ?

ಅಲ್ಲಿಂದ ಸುಮ್ನೆ ಊಹೆ ಮಾಡುವುದನ್ನು ಬಿಟ್ಟೆ. ಆರು ಆರ್‌ಸಿಎ ಪಿನ್ (ಆಡಿಯೋ ವೈರಿನ ತುದಿಯ ಪ್ಲಗ್) ತಗೊಂಡು, ನಡುವಿನ ಕಡ್ಡಿಯನ್ನೂ ಹೊರಗಿನ ರಿಂಗನ್ನೂ ಸೇರಿಸಿ ಬೆಸುಗೆ ಹಾಕಿದೆ. ಇದೇ ಶಾರ್ಟಿಂಗ್ ಪ್ಲಗ್. ಡಿಕೋಡರಿನ ವೈರ್ ಎಲ್ಲ ಕಿತ್ತು ಆರೂ ಇನ್‌ಪುಟ್‌ಗೆ ಇವನ್ನು ಚುಚ್ಚಿದೆ. ಈಗ ದಪ್ಪ ಗುಂಯ್ ಹೋಯಿತು, ಆದರೆ ಜಿರ್ ಎನ್ನುವ ತೆಳು ಸದ್ದು ಉಳಿಯಿತು. ನಮ್ಮ ಮನೆ ಕರೆಂಟ್ 50 ಹರ್ಟ್ಜ್. ಮೃದುವಾದ ಗುಂಯ್ ಸಾಮಾನ್ಯವಾಗಿ ಅದೇ 50. ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಭಾಗ) ದಾಟಿದ ಮೇಲೆ ಅದು 100 ಆಗುತ್ತದೆ, ಜೊತೆಗೆ ಅದರ ಮೇಲಿನ ಸ್ವರಗಳೂ ಸೇರಿ ಜಿರ್ ಎಂದು ಕೇಳುತ್ತದೆ. ಅಂದರೆ ನನ್ನ ಪೆಟ್ಟಿಗೆಯಲ್ಲಿ ಇದ್ದದ್ದು ಎರಡು ಬೇರೆ ಬೇರೆ ಕಾಯಿಲೆ.

ಜಿರ್ ಸದ್ದಿನ ಮೂಲ ನಾನೇ ಕಟ್ಟಿದ ಸ್ಟಾರ್ ಗ್ರೌಂಡ್, ಅಂದರೆ ಎಲ್ಲ ಗ್ರೌಂಡ್ ವೈರುಗಳೂ ಬಂದು ಸೇರುವ ಒಂದೇ ಜಾಗ. ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪಿನಿಂದ (24-0-24ರ ನಡುವಿನ ಸೊನ್ನೆ ವೈರ್) ಕೆಪಾಸಿಟರಿಗೆ ಹೋಗುವ ವೈರಿನ ನಡುವೆ ಬೋಲ್ಟ್ ಹಾಕಿ, ಎಲ್ಲ ಬೋರ್ಡಿನ ಗ್ರೌಂಡನ್ನೂ ಅದಕ್ಕೆ ಕಟ್ಟಿದ್ದೆ. ಚಾರ್ಜಿಂಗ್ ಕರೆಂಟ್ ಓಡಾಡುವ ದಾರಿಯೇ ಅದು. 1 ಚದರ ಮಿಲಿಮೀಟರಿನ ತಾಮ್ರದ ವೈರ್ 10 ಸೆಂಟಿಮೀಟರಿಗೆ ಸುಮಾರು 1.7 ಮಿಲಿ ಓಮ್. 5 ಆಂಪಿಯರ್ ಒಮ್ಮೆ ನುಗ್ಗಿದರೂ 8.5 ಮಿಲಿವೋಲ್ಟ್. ನನ್ನ ಬೋರ್ಡಿನಲ್ಲಿ ಫೀಡ್‌ಬ್ಯಾಕಿಗೆ (ಔಟ್‌ಪುಟ್ಟಿನ ಒಂದು ಪಾಲನ್ನು ವಾಪಸ್ ತರುವ ದಾರಿಗೆ) 22 ಕಿಲೋ ಓಮ್ ಮತ್ತು 680 ಓಮ್ ರೆಸಿಸ್ಟರ್ ಇರುವುದರಿಂದ ಗೇನ್, ಅಂದರೆ ಸಿಗ್ನಲ್ ದೊಡ್ಡದಾಗುವ ಪಟ್ಟು, ಸುಮಾರು 33. ಆ 8.5 ಪೂರ್ತಿ ಇನ್‌ಪುಟ್ಟಿಗೆ ಸೇರಿದರೆ ಸ್ಪೀಕರಿನಲ್ಲಿ ಕಾಲು ವೋಲ್ಟಿಗಿಂತ ಜಾಸ್ತಿ. ಗ್ರೌಂಡ್ ಅಂದರೆ ಸೊನ್ನೆ ಎಂದು ನಂಬಿದ್ದು ನನ್ನ ದೊಡ್ಡ ತಪ್ಪು.

ಸೆಂಟರ್ ಟ್ಯಾಪನ್ನು ನೇರವಾಗಿ ಎರಡು ಕೆಪಾಸಿಟರ್ ಸೇರುವ ಜಾಗಕ್ಕೆ ಕೊಟ್ಟೆ. ಅಲ್ಲಿಂದ ಒಂದೇ ಒಂದು ಗಿಡ್ಡ, ದಪ್ಪ ವೈರ್ ಎಳೆದು ಅದರ ತುದಿಯಲ್ಲಿ ಸ್ಟಾರ್ ಮಾಡಿದೆ. ಸ್ಪೀಕರಿನ ಮೈನಸ್ ವೈರುಗಳೂ ಬೋರ್ಡಿಗೆ ಹೋಗದೆ ಸ್ಟಾರಿಗೇ ಬಂದವು. ಜಿರ್ ಅಲ್ಲಿಗೆ ಮುಗಿಯಿತು.

ಗುಂಯ್ ಹೆಚ್ಚು ಕಾಡಿತು. ದಾರಿ ಹೀಗಿತ್ತು: ಡಿಕೋಡರಿನಿಂದ ಒಂದು ಶೀಲ್ಡ್ ವೈರ್ (ಸಿಗ್ನಲ್ ವೈರಿನ ಸುತ್ತಲಿನ ಗ್ರೌಂಡ್ ಹೊದಿಕೆ) ಮೊದಲ ಬೋರ್ಡಿಗೆ, ಅಲ್ಲಿಂದ ಗ್ರೌಂಡ್ ವೈರ್ ಸ್ಟಾರಿಗೆ, ಸ್ಟಾರಿನಿಂದ ಎರಡನೆಯ ಬೋರ್ಡಿಗೆ, ಅದರ ಶೀಲ್ಡಿನಲ್ಲಿ ವಾಪಸ್ ಡಿಕೋಡರಿಗೆ. ಪೂರ್ತಿ ಒಂದು ಸುತ್ತು. ಆ ಸುತ್ತಿನ ಪಕ್ಕದಲ್ಲೇ ಟ್ರಾನ್ಸ್‌ಫಾರ್ಮರ್ ಕೂತಿದೆ. ಅದರ ಕಾಂತಕ್ಷೇತ್ರ ಈ ಸುತ್ತಿನಲ್ಲಿ 50 ಹರ್ಟ್ಜ್ ಕರೆಂಟ್ ಹುಟ್ಟಿಸುತ್ತದೆ. ಒಂದೇ ಚಾನೆಲ್ ಇದ್ದಾಗ ಸುತ್ತು ಮುಚ್ಚುವುದಿಲ್ಲ, ಅದಕ್ಕೇ ಅಷ್ಟು ಸದ್ದಿರಲಿಲ್ಲ. ಸ್ಟೀರಿಯೋ ಕಟ್ಟುವವರಿಗೆ ಒಂದು ಸುತ್ತು. ಆರು ಚಾನೆಲ್‌ನಲ್ಲಿ ಯಾವ ಎರಡನ್ನು ಹಿಡಿದರೂ ಒಂದು ಸುತ್ತು, ಒಟ್ಟು ಹದಿನೈದು ಜೋಡಿ.

ಪ್ರತಿ ಬೋರ್ಡಿನಲ್ಲೂ ಸಿಗ್ನಲ್ ಗ್ರೌಂಡಿನ ಟ್ರ್ಯಾಕನ್ನು ಬ್ಲೇಡಿನಿಂದ ಕತ್ತರಿಸಿ, ಪವರ್ ಗ್ರೌಂಡಿಗೂ ಅದಕ್ಕೂ ನಡುವೆ 10 ಓಮ್ ರೆಸಿಸ್ಟರ್ ಹಾಕಿದೆ. ಶೀಲ್ಡಿನ ರೆಸಿಸ್ಟೆನ್ಸ್ ತೀರಾ ಕಡಿಮೆ. ಹಾಗಾಗಿ ಸುತ್ತಿನ ಕರೆಂಟ್ ಇಳಿಯುತ್ತದೆ, ಉಳಿದ ವೋಲ್ಟೇಜ್ ಶೀಲ್ಡಿನ ಬದಲು ಆ 10 ಓಮಿನ ಮೇಲೆ ಬೀಳುತ್ತದೆ. ಮೊದಲ ಬೋರ್ಡಿನಲ್ಲಿ ಇಷ್ಟು ಮಾಡಿದರೂ ಏನೂ ಬದಲಾಗಲಿಲ್ಲ. ಇನ್‌ಪುಟ್ ರೆಸಿಸ್ಟರನ್ನು ಮಾತ್ರ ಸಿಗ್ನಲ್ ಕಡೆಗೆ ತಂದಿದ್ದೆ, ಫೀಡ್‌ಬ್ಯಾಕಿನ 680 ಓಮ್ ರೆಸಿಸ್ಟರಿನ ಜೊತೆಗಿರುವ ಕೆಪಾಸಿಟರಿನ ಕಾಲು ಪವರ್ ಗ್ರೌಂಡಿನಲ್ಲೇ ಉಳಿದಿತ್ತು. ಎರಡೂ ಒಂದೇ ಕಡೆ ಇರಬೇಕು. ಅದನ್ನು ಸರಿಪಡಿಸಿದ ಕ್ಷಣ ಆ ಚಾನೆಲ್ ಸುಮ್ಮನಾಯಿತು. ಆ ಮೌನ ಕೇಳಿದ ಖುಷಿ ಇವತ್ತಿಗೂ ನೆನಪಿದೆ.

ಆರು ಇನ್‌ಪುಟ್ ವೈರನ್ನೂ ಒಂದೇ ಕಟ್ಟು ಮಾಡಿ ಟ್ರಾನ್ಸ್‌ಫಾರ್ಮರಿನಿಂದ ದೂರ ಒಯ್ದೆ. ಆರ್‌ಸಿಎ ಸಾಕೆಟ್ಟುಗಳು ಕ್ಯಾಬಿನೆಟ್ಟಿಗೆ ತಾಗದ ಹಾಗೆ ಪ್ಲಾಸ್ಟಿಕ್ ವಾಷರ್ ಹಾಕಿದೆ. ಟಿಡಿಎ 7294ರ ಲೋಹದ ಬೆನ್ನು ಮೈನಸ್ ಸಪ್ಲೈಗೆ ಸೇರಿರುತ್ತದೆ, ಹೀಟ್‌ಸಿಂಕಿಗೆ ಹಾಕುವಾಗ ನಡುವೆ ಮೈಕಾ ಹಾಳೆ (ಕರೆಂಟ್ ದಾಟಿಸದ ತೆಳು ಪದರ) ಮರೆಯಬೇಡಿ. ಇಂಥ ಕೆಲಸದ ನಂತರ ಮೊದಲ ಸಲ ಆನ್ ಮಾಡುವಾಗ ನಾನು 100 ವ್ಯಾಟಿನ ಹಳೇ ಬಲ್ಬನ್ನು ಸೀರೀಸಿನಲ್ಲಿ ಇಟ್ಟುಕೊಳ್ಳುತ್ತೇನೆ; ಒಳಗೆ ಶಾರ್ಟ್ ಇದ್ದರೆ ಬಲ್ಬ್ ಜೋರಾಗಿ ಉರಿದು ಕರೆಂಟನ್ನು ತಡೆಯುತ್ತದೆ.

ಎಲ್ಲ ಸರಿಯಾಯಿತು ಎಂದು ಸೆಟ್‌ಟಾಪ್ ಬಾಕ್ಸ್ ಜೋಡಿಸಿದರೆ ಗುಂಯ್ ಮತ್ತೆ ಬಂತು. ಕೇಬಲ್ ಟಿವಿಯ ವೈರನ್ನು ಬಾಕ್ಸಿನಿಂದ ಬಿಚ್ಚಿದರೆ ಇಲ್ಲ. ಆ ಕೇಬಲ್ಲಿನ ಶೀಲ್ಡ್ ಬೀದಿಯಲ್ಲಿ ಬೇರೆಲ್ಲೋ ಅರ್ತ್ ಆಗಿರುತ್ತದೆ, ನನ್ನ ಕ್ಯಾಬಿನೆಟ್ ಮನೆಯ ಅರ್ತಿಗೆ. ಒಬ್ಬರು ಮೂರು ಪಿನ್ನಿನಲ್ಲಿ ಅರ್ತ್ ಪಿನ್ ಕಿತ್ತುಬಿಡಿ ಎಂದರು. ದಯವಿಟ್ಟು ಅದನ್ನು ಮಾತ್ರ ಮಾಡಬೇಡಿ. ಟ್ರಾನ್ಸ್‌ಫಾರ್ಮರ್ ಒಳಗೆ ಶಾರ್ಟ್ ಆದರೆ ಇಡೀ ಪೆಟ್ಟಿಗೆಗೆ 230 ವೋಲ್ಟ್ ಬರುತ್ತದೆ, ಮಕ್ಕಳು ಮುಟ್ಟುವ ವಸ್ತು ಅದು. ಕ್ಯಾಬಿನೆಟ್ಟನ್ನು ನೇರ ಅರ್ತಿಗೆ ಬಿಟ್ಟು, ಸ್ಟಾರಿಗೂ ಕ್ಯಾಬಿನೆಟ್ಟಿಗೂ ನಡುವೆ 10 ಓಮ್, 0.1 ಮೈಕ್ರೋಫ್ಯಾರಡ್ ಮತ್ತು 35 ಆಂಪಿಯರಿನ ಬ್ರಿಡ್ಜ್ ರೆಕ್ಟಿಫೈಯರನ್ನು ಪ್ಯಾರಲಲ್ಲಾಗಿ ಹಾಕಿದೆ. ಬ್ರಿಡ್ಜಿನ ಪ್ಲಸ್ ಮೈನಸ್ ಎರಡನ್ನೂ ಸೇರಿಸಿ, ಎಸಿ ಕಾಲುಗಳನ್ನು ಬಳಸಬೇಕು. ಸಣ್ಣ ಹಮ್ ವೋಲ್ಟೇಜ್ ಅದನ್ನು ದಾಟದು. ದೋಷದ ಕರೆಂಟ್ ಬಂದರೆ ಡಯೋಡುಗಳೇ ಅದನ್ನು ಅರ್ತಿಗೆ ಸಾಗಿಸುತ್ತವೆ.

ಟಿವಿಯಿಂದ ಡಿಕೋಡರಿಗೆ ಕೊನೆಗೆ ಆಪ್ಟಿಕಲ್ ಕೇಬಲ್ ಹಾಕಿದೆ. ಅದರಲ್ಲಿ ಹೋಗುವುದು ಬೆಳಕು, ಗ್ರೌಂಡಿನ ಮಾತೇ ಇಲ್ಲ.

ಸ್ಪೀಕರ್ ತುದಿಯಲ್ಲಿ ಮೊದಲು 41 ಮಿಲಿವೋಲ್ಟ್ ತೋರಿಸುತ್ತಿದ್ದದ್ದು ಈಗ 1ಕ್ಕಿಂತ ಕಡಿಮೆ. ಸಾಧಾರಣ ಮೀಟರಿನಲ್ಲಿ ಎಸಿಗೆ 200 ವೋಲ್ಟಿನ ರೇಂಜೇ ಅತಿ ಚಿಕ್ಕದು, ಅದರಲ್ಲಿ ಇದು ಕಾಣುವುದಿಲ್ಲ. ಗೆಳೆಯರಿಂದ ಒಳ್ಳೆಯ ಮೀಟರ್ ತಂದು ಅಳೆದೆ. ಕರೆಂಟ್ ಹೋಗಿ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ನಡೆಯುವಾಗ ಮಾತ್ರ ಸೆಂಟರ್ ಸ್ಪೀಕರಿನಲ್ಲಿ ಸಣ್ಣಗೆ ಜಿರ್ ಎನ್ನುತ್ತದೆ. ಸೈನ್ ವೇವ್ ಇನ್ವರ್ಟರಿಗೆ ದುಡ್ಡು ಕೂಡಿಸುತ್ತಿದ್ದೇನೆ.