ಹಿಮ್ಮಡಿಯ ‘ನರ’ ಕಡಿದರೆ: ಹೊಲಿಗೆಯೋ, ಬೂಟೋ?

ಭಾನುವಾರ ಬೆಳಿಗ್ಗೆ ಶಟಲ್ ಆಡುತ್ತಿದ್ದೆ. ನೆಟ್ ಹತ್ತಿರ ಬಿದ್ದ ಡ್ರಾಪ್ ಎತ್ತಲು ಮುಂದಕ್ಕೆ ಚಿಮ್ಮಿದೆ. ಟಪ್ ಅಂತ ಸದ್ದಾಯಿತು. ಹಿಂದಿನಿಂದ ಯಾರೋ ಹಿಮ್ಮಡಿಗೆ ರಾಕೆಟ್‌ನಲ್ಲಿ ಬಾರಿಸಿದರು ಅಂದುಕೊಂಡು ಸಿಟ್ಟಿನಿಂದಲೇ ತಿರುಗಿ ನೋಡಿದೆ. ನನ್ನ ಜೊತೆಗಾರ ಎರಡು ಮಾರು ಆಚೆ ನಿಂತು ನನ್ನನ್ನೇ ನೋಡುತ್ತಿದ್ದ.

ಆಮೇಲೆ ಗೊತ್ತಾಯಿತು, ಈ ಪೆಟ್ಟು ಬಿದ್ದವರಲ್ಲಿ ಹೆಚ್ಚಿನವರು ಹೇಳುವುದು ಇದನ್ನೇ. ‘ಯಾರೋ ಒದ್ದರು’, ‘ಕಲ್ಲು ಬಿತ್ತು’. ಒದ್ದವರು ಯಾರೂ ಇರುವುದಿಲ್ಲ. ಕಡಿದಿರುವುದು ಅಕಿಲಿಸ್ ಟೆಂಡನ್. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿ ಮೂಳೆಗೆ ಕಟ್ಟಿರುವ ದಪ್ಪ ಹುರಿ ಅದು. ನಮ್ಮ ಮೈಯಲ್ಲಿರುವ ಟೆಂಡನ್‌ಗಳಲ್ಲೆಲ್ಲ ಗಟ್ಟಿಯಾದದ್ದು. ಹಿಮ್ಮಡಿಯಿಂದ 2ರಿಂದ 6 ಸೆಂಟಿಮೀಟರ್ ಮೇಲೆ ಅದಕ್ಕೆ ರಕ್ತ ಹರಿಯುವುದು ಕಡಿಮೆ. ಸಾಮಾನ್ಯವಾಗಿ ಕಡಿಯುವುದೂ ಅಲ್ಲೇ. ವಾರವಿಡೀ ಕುರ್ಚಿಯಲ್ಲಿ ಕೂತು ಭಾನುವಾರ ಮಾತ್ರ ಕೋರ್ಟಿಗಿಳಿಯುವ 30–50ರ ವಯಸ್ಸಿನ ಗಂಡಸರಿಗೆ ಇದು ಜಾಸ್ತಿ. ನನಗೆ ಆಗ 43.

ಹೆಸರು ಬಂದಿರುವುದು ಗ್ರೀಕರ ಕಥೆಯ ವೀರನಿಂದ. ಅವನ ಮೈಯಲ್ಲಿ ಹಿಮ್ಮಡಿಯೊಂದೇ ದುರ್ಬಲ ಜಾಗ. ನಮ್ಮ ಕೃಷ್ಣನಿಗೂ ಬೇಡನ ಬಾಣ ತಾಗಿದ್ದು ಕಾಲಿಗೇ ಅಲ್ವಾ? ಇರಲಿ. ನಮ್ಮಲ್ಲಿ ಇದನ್ನೂ ‘ನರ’ ಅಂತಲೇ ಕರೆಯುತ್ತಾರೆ. ಈ ಲೇಖನದಲ್ಲಿ ನಿಜವಾದ ನರವೂ ಬರುತ್ತದೆ. ಗೊಂದಲ ಬೇಡ, ಹುರಿಯನ್ನು ಟೆಂಡನ್ ಅಂತಲೇ ಕರೆಯೋಣ.

ಮೊದಲು, ಕಡಿದಿದೆಯೋ ಇಲ್ಲವೋ ಗೊತ್ತುಮಾಡಿಕೊಳ್ಳಿ

ಟೆಂಡನ್ ಹೊಲಿಯುವ ಆಪರೇಷನ್ ಬೇಕೋ, ಹೊಲಿಯದೆ ಕಾಲನ್ನು ಹಿಡಿದಿಡುವ ಬೂಟು ಸಾಕೋ ಎನ್ನುವ ಪ್ರಶ್ನೆ ಆಮೇಲಿನದು. ಮೊದಲು ರೋಗ ಗೊತ್ತಾಗಬೇಕು. ಇಲ್ಲೇ ಎಡವುವುದು.

ನಾನು ಅವತ್ತೇ ಒಂದು ಕ್ಲಿನಿಕ್ಕಿಗೆ ಹೋದೆ. ಎಕ್ಸ್‌ರೇ ತೆಗೆದರು. ‘ಮೂಳೆ ಚೆನ್ನಾಗಿದೆ, ಉಳುಕು ಅಷ್ಟೆ’ ಅಂದರು. ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸಿದರು. ಎಕ್ಸ್‌ರೇಯಲ್ಲಿ ಟೆಂಡನ್ ಕಾಣುವುದಿಲ್ಲ ಅನ್ನುವುದು ನನಗೆ ಗೊತ್ತಿರಲಿಲ್ಲ. ಕುಂಟುತ್ತಾ ನಡೆಯಲು ಆಗುತ್ತಿತ್ತು, ಪಾದವನ್ನು ಸ್ವಲ್ಪ ಕೆಳಗೆ ಒತ್ತಲೂ ಆಗುತ್ತಿತ್ತು. ಹಾಗಾಗಿ ನಾನೂ ನಂಬಿದೆ. ಪಾದವನ್ನು ಕೆಳಕ್ಕೆ ಎಳೆಯುವ ಸಣ್ಣ ಟೆಂಡನ್‌ಗಳು ಬೇರೆ ಇವೆ, ಅವು ನಮಗೆ ಮೋಸ ಮಾಡುತ್ತವೆ. ಸುಮಾರು ಐವರಲ್ಲಿ ಒಬ್ಬರಿಗೆ ಮೊದಲ ಭೇಟಿಯಲ್ಲಿ ಇದು ಪತ್ತೆಯಾಗುವುದೇ ಇಲ್ಲ.

ಮೂರನೇ ದಿನ ಫಿಸಿಯೋ ಗೆಳೆಯನೊಬ್ಬ ಮನೆಗೆ ಬಂದ. ಮಂಚದ ಮೇಲೆ ಬೋರಲು ಮಲಗಿಸಿದ. ಎರಡೂ ಪಾದ ಅಂಚಿನಿಂದ ಆಚೆ ಇಳಿಬಿಡಲು ಹೇಳಿ, ಸರಿಯಿದ್ದ ಕಾಲಿನ ಮೀನಖಂಡವನ್ನು ಹಿಂಡಿದ. ಪಾದ ತಾನಾಗಿಯೇ ಅಲ್ಲಾಡಿ ಬೆರಳುಗಳು ಆಚೆಗೆ ಚಾಚಿದವು. ಪೆಟ್ಟಾದ ಕಾಲನ್ನು ಹಿಂಡಿದ. ಪಾದ ಮಿಸುಕಲಿಲ್ಲ. ಇದಕ್ಕೆ ಥಾಂಪ್ಸನ್ ಪರೀಕ್ಷೆ ಅನ್ನುತ್ತಾರೆ. ಖರ್ಚಿಲ್ಲ, ಅರ್ಧ ನಿಮಿಷದ ಕೆಲಸ. ಬೆರಳಿನಿಂದ ಸವರಿದರೆ ಟೆಂಡನ್ ಮೇಲೆ ಒಂದು ತಗ್ಗು ಸಿಕ್ಕರೆ, ಆ ಒಂದೇ ಕಾಲಿನ ತುದಿಬೆರಳ ಮೇಲೆ ನಿಲ್ಲಲು ಆಗದಿದ್ದರೆ ಅನುಮಾನ ಇನ್ನೂ ಗಟ್ಟಿ. ಪಾದ ಅಲ್ಲಾಡದಿದ್ದರೆ ಅವತ್ತೇ ಆರ್ಥೋ ಡಾಕ್ಟರ ಹತ್ತಿರ ಹೋಗಿ.

ಅಲ್ಲಿಯವರೆಗೆ ಬೆರಳು ಕೆಳಗಿರಲಿ

ಕಡಿದ ಹಗ್ಗದ ಎರಡು ತುದಿ ಕೂಡಬೇಕೆಂದರೆ ಅವು ಹತ್ತಿರ ಇರಬೇಕು. ಪಾದವನ್ನು ಬ್ಯಾಲೆ ನರ್ತಕಿಯ ಹಾಗೆ ಕೆಳಕ್ಕೆ ಚಾಚಿದರೆ ತುದಿಗಳು ಹತ್ತಿರ ಬರುತ್ತವೆ. ನೆಟ್ಟಗೆ ನಿಲ್ಲಿಸಿದರೆ ದೂರವಾಗುತ್ತವೆ. ಆಸ್ಪತ್ರೆಯಲ್ಲಿ ಪಾದ ಚಾಚಿಸಿಯೇ ಪ್ಲಾಸ್ಟರ್ ಸ್ಲ್ಯಾಬ್ (ಕಾಲನ್ನು ಪೂರ್ತಿ ಸುತ್ತದ ಅರ್ಧ ಪ್ಲಾಸ್ಟರ್) ಹಾಕುವುದು ಇದಕ್ಕೇ. ಆ ಕಾಲಿನ ಮೇಲೆ ಭಾರ ಬಿಡಬೇಡಿ. ಎಣ್ಣೆ ಹಚ್ಚಿ ತಿಕ್ಕಿಸುವುದು, ಪಾದ ನೆಟ್ಟಗೆ ಇಟ್ಟು ನಾಟಿ ಕಟ್ಟು ಕಟ್ಟಿಸುವುದು ಎರಡೂ ಬೇಡ. ನನ್ನ ಅಮ್ಮ ಎಣ್ಣೆ ಬಿಸಿ ಮಾಡಿಯೇ ಇಟ್ಟಿದ್ದರು. ಪುಣ್ಯಕ್ಕೆ ಗೆಳೆಯ ಆಗಲೇ ಬಂದ.

ತಡ ಮಾಡಬೇಡಿ ಅನ್ನುವುದಕ್ಕೆ ಇನ್ನೊಂದು ಕಾರಣವಿದೆ. ಆಪರೇಷನ್ ಇಲ್ಲದ ದಾರಿ ತೆರೆದಿರುವುದು ಹೆಚ್ಚೂಕಡಿಮೆ ಮೊದಲ ಎರಡು ವಾರ. ನಾಲ್ಕಾರು ವಾರ ಕಳೆದರೆ ಸ್ನಾಯು ಮೇಲಕ್ಕೆ ಸೆಳೆದುಕೊಂಡು ನಡುವೆ ಗಾಯದ ಕಲೆಯಂಥ ಸಡಿಲ ಅಂಗಾಂಶ ತುಂಬಿಕೊಳ್ಳುತ್ತದೆ. ಆಗ ಸುಮ್ನೆ ಹೊಲಿದರೆ ಸಾಲದು. ಕೆಲವೊಮ್ಮೆ ಹೆಬ್ಬೆರಳಿನ ಟೆಂಡನ್ ತಂದು ಜೋಡಿಸಬೇಕಾಗುತ್ತದೆ. ಅಷ್ಟು ಹೊತ್ತಿಗೆ ಆರಿಸಿಕೊಳ್ಳಲು ಏನೂ ಉಳಿದಿರುವುದಿಲ್ಲ.

ಡಾಕ್ಟರ ಮುಂದೆ ಕೂತಾಗ

ಮೊದಲು ನೀವು ಹೇಳಬೇಕಾದ್ದನ್ನು ಹೇಳಿ. ಸಕ್ಕರೆ ಕಾಯಿಲೆ ಇದೆಯೇ, ಸಿಗರೇಟು ಸೇದುತ್ತೀರಾ, ಸ್ಟೀರಾಯ್ಡ್ ಮಾತ್ರೆ ನುಂಗುತ್ತೀರಾ, ಹಿಮ್ಮಡಿಗೆ ಹಿಂದೆ ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಂಡಿದ್ದೀರಾ ಅನ್ನುವುದೆಲ್ಲ ಅವರಿಗೆ ಬೇಕು. ಇತ್ತೀಚೆಗೆ ಸಿಪ್ರೋಫ್ಲಾಕ್ಸಸಿನ್ ಅಥವಾ ಲಿವೋಫ್ಲಾಕ್ಸಸಿನ್ ತೆಗೆದುಕೊಂಡಿದ್ದರೂ ಹೇಳಿ. ಈ ಜಾತಿಯ ಆಂಟಿಬಯೋಟಿಕ್‌ಗಳು ಟೆಂಡನ್ ಕಡಿಯಲು ಕಾರಣವಾಗಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಇವುಗಳ ಮೇಲೆ ಕಪ್ಪು ಚೌಕಟ್ಟಿನ, ಅಂದರೆ ಅತ್ಯಂತ ಗಂಭೀರವಾದ, ಎಚ್ಚರಿಕೆ ಹಾಕಿಸಿದೆ.

ಆಮೇಲೆ ನಿಮ್ಮ ಸರದಿ. ನಾನು ಕೇಳಿದ ಮೊದಲ ಪ್ರಶ್ನೆ: ‘ಪಾದ ಕೆಳಗೆ ಚಾಚಿದಾಗ ತುದಿಗಳು ಸೇರುತ್ತವಾ?’ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್‌ನಲ್ಲಿ ಇದನ್ನು ನೋಡಬಹುದು. ಚಾಚಿದಾಗಲೂ ಒಂದು ಸೆಂಟಿಮೀಟರ್‌ನಷ್ಟು ಸಂದು ಉಳಿದರೆ ಬಹಳ ಡಾಕ್ಟರರು ಹೊಲಿಗೆಯ ಕಡೆ ವಾಲುತ್ತಾರೆ. ನನ್ನವು ಸೇರುತ್ತಿದ್ದವು.

ಎರಡನೆಯದು ನನ್ನ ಪ್ರಕಾರ ಇನ್ನೂ ಮುಖ್ಯ: ‘ಆಪರೇಷನ್ ಮಾಡದಿದ್ದರೆ ವಾರವಾರ ಏನು ಮಾಡುತ್ತೀರಿ?’ ‘ಎಂಟು ವಾರ ಪ್ಲಾಸ್ಟರ್, ಆಮೇಲೆ ಬನ್ನಿ’ ಅನ್ನುವ ಉತ್ತರ ಬಂದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಒಳ್ಳೆಯದು. ‘ಎರಡು ವಾರ ಸ್ಲ್ಯಾಬ್, ಆಮೇಲೆ ಹಿಮ್ಮಡಿ ಎತ್ತರಿಸಿದ ಬೂಟು, ಅದರಲ್ಲೇ ನಡಿಗೆ, ಫಿಸಿಯೋ’ ಅನ್ನುವ ಉತ್ತರ ಬಂದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ. ಯಾಕೆ ಅಂತ ಲೆಕ್ಕ ನೋಡಿದರೆ ತಿಳಿಯುತ್ತದೆ.

ಲೆಕ್ಕ ಏನು ಹೇಳುತ್ತದೆ

ಹಿಂದೆ ಆಪರೇಷನ್ ಮಾಡಿಸದವರಿಗೆ ವಾರಗಟ್ಟಲೆ ಪ್ಲಾಸ್ಟರ್ ಹಾಕಿ ಕೂರಿಸುತ್ತಿದ್ದರು. ಅವರಲ್ಲಿ ನೂರಕ್ಕೆ ಸುಮಾರು 12 ಜನರಿಗೆ ಟೆಂಡನ್ ಮತ್ತೆ ಕಡಿಯುತ್ತಿತ್ತು. ಹೊಲಿದವರಲ್ಲಿ ಇದು ಮೂರು ನಾಲ್ಕು ಜನರಿಗೆ. ‘ಹೊಲಿಸಿಕೊಳ್ಳುವುದೇ ವಾಸಿ’ ಅನ್ನುವ ಮಾತು ಬೇರೂರಿದ್ದು ಹೀಗೆ.

2010ರಲ್ಲಿ ಕೆನಡಾದ ಒಂದು ಅಧ್ಯಯನ ಇದನ್ನು ಅಲುಗಾಡಿಸಿತು. 144 ಜನರನ್ನು ಎರಡು ಗುಂಪು ಮಾಡಿ, ಅರ್ಧ ಜನರಿಗೆ ಹೊಲಿದು ಉಳಿದವರಿಗೆ ಹೊಲಿಯದೆ ಬಿಟ್ಟರು. ಎರಡೂ ಗುಂಪಿನವರಿಗೆ ಬೇಗನೆ ಬೂಟು ಹಾಕಿ ನಡೆಸಿದರು. ಮತ್ತೆ ಕಡಿದದ್ದು ಹೊಲಿದವರಲ್ಲಿ ಇಬ್ಬರಿಗೆ, ಹೊಲಿಯದವರಲ್ಲಿ ಮೂವರಿಗೆ. ಟೆಂಡನ್‌ಗೆ ಹದವಾದ ಎಳೆತ ಸಿಕ್ಕರೆ ಹೊಸ ಎಳೆಗಳು ಸಾಲಾಗಿ ಕೂಡುತ್ತವೆ. ಪೂರ್ತಿ ಕಟ್ಟಿಹಾಕಿದರೆ ಸ್ನಾಯು ಸೊರಗುತ್ತದೆ.

ಹಾಗಂತ ಎರಡೂ ಸಮ ಅಂತಲ್ಲ. ನಾರ್ವೆಯಲ್ಲಿ 500ಕ್ಕೂ ಹೆಚ್ಚು ಜನರ ಮೇಲೆ ನಡೆದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಅಲ್ಲಿ ಮೂರು ಗುಂಪು: ಆಪರೇಷನ್ ಇಲ್ಲ, ಉದ್ದ ಸೀಳಿ ಹೊಲಿಗೆ, ಚಿಕ್ಕ ಗಾಯದ ಹೊಲಿಗೆ. ಒಂದು ವರ್ಷದ ನಂತರ ನಡಿಗೆ, ಮೆಟ್ಟಿಲು, ಓಟ, ನೋವು ಇವನ್ನೆಲ್ಲ ಕೇಳಿ ಅಂಕ ಹಾಕಿದರೆ ಮೂರೂ ಗುಂಪು ಒಂದೇ. ಆದರೆ ಮೊದಲ ಗುಂಪಿನಲ್ಲಿ ನೂರಕ್ಕೆ 6.2 ಜನರಿಗೆ ಟೆಂಡನ್ ಮತ್ತೆ ಕಡಿಯಿತು. ಹೊಲಿದ ಎರಡು ಗುಂಪುಗಳಲ್ಲೂ ಅದು 0.6 ಮಾತ್ರ.

ಈಗ ನಿಜವಾದ ನರದ ವಿಷಯ. ಟೆಂಡನ್ ಪಕ್ಕದಲ್ಲೇ ಸೂರಲ್ ಅನ್ನುವ ನರ ಹಾದುಹೋಗುತ್ತದೆ. ಅದಕ್ಕೆ ಸೂಜಿ ತಾಗಿದರೆ ಪಾದದ ಹೊರಬದಿ ಮರಗಟ್ಟುತ್ತದೆ. ಅದೇ ಅಧ್ಯಯನದಲ್ಲಿ ನರಕ್ಕೆ ಪೆಟ್ಟಾದದ್ದು ಚಿಕ್ಕ ಗಾಯದ ಹೊಲಿಗೆಯಲ್ಲಿ ನೂರಕ್ಕೆ 5.2, ಉದ್ದ ಸೀಳಿದವರಲ್ಲಿ 2.8, ಹೊಲಿಯದವರಲ್ಲಿ 0.6. ಗಾಯ ಚಿಕ್ಕದಾದಷ್ಟೂ ಒಳ್ಳೆಯದು ಅಂತ ನಾನು ಅಂದುಕೊಂಡಿದ್ದೆ. ಆದರೆ ಗಾಯ ಚಿಕ್ಕದಾದರೆ ಡಾಕ್ಟರಿಗೆ ನರ ಕಾಣುವುದಿಲ್ಲ, ಅದು ಅಲ್ಲೇ ಇರುತ್ತದೆ! ಹೊಲಿಗೆಯ ಇನ್ನೊಂದು ಅಪಾಯ ಸೋಂಕು. ಹಿಮ್ಮಡಿಯ ಹಿಂದೆ ಚರ್ಮ ತೆಳು, ಅಲ್ಲಿ ಗಾಯ ಮಾಯದಿದ್ದರೆ ಗೋಳು ತಿಂಗಳುಗಟ್ಟಲೆ.

ಕೊನೆಗೆ ಇದು ಎರಡು ಬಗೆಯ ಅಪಾಯಗಳ ಚೌಕಾಸಿ. ಮತ್ತೆ ಕಡಿಯುವ ಭಯ ಒಂದು ತಕ್ಕಡಿಯಲ್ಲಿ, ಗಾಯ ಮತ್ತು ನರದ ಭಯ ಇನ್ನೊಂದರಲ್ಲಿ.

ನಿಮ್ಮ ಮೈ, ನಿಮ್ಮ ಮನೆ, ನಿಮ್ಮ ಕೆಲಸ

ಆಟವೇ ಹೊಟ್ಟೆಪಾಡಾದವರು ಸಾಮಾನ್ಯವಾಗಿ ಹೊಲಿಸಿಕೊಳ್ಳುತ್ತಾರೆ. 2010ರ ಮಾರ್ಚ್‌ನಲ್ಲಿ ಟೆಂಡನ್ ಕಡಿದುಕೊಂಡ ಫುಟ್‌ಬಾಲ್ ಆಟಗಾರ ಡೇವಿಡ್ ಬೆಕಮ್ ಫಿನ್ಲೆಂಡ್‌ಗೆ ಹೋಗಿ ಆಪರೇಷನ್ ಮಾಡಿಸಿಕೊಂಡರು. ಆದರೂ ಆ ವರ್ಷದ ವಿಶ್ವಕಪ್ ತಪ್ಪಿತು. ಹೊಲಿಗೆ ಹಾಕಿದ ಮಾತ್ರಕ್ಕೆ ತಿಂಗಳುಗಳು ಉಳಿಯುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಚೂಪಾದ ವಸ್ತು ತಾಗಿ ಟೆಂಡನ್ ಕತ್ತರಿಸಿದ್ದರೆ, ಮೂಳೆಯಿಂದಲೇ ಕಿತ್ತುಬಂದಿದ್ದರೆ, ಒಮ್ಮೆ ಕೂಡಿ ಮತ್ತೆ ಕಡಿದಿದ್ದರೆ ಸಾಮಾನ್ಯವಾಗಿ ಹೊಲಿಗೆಯೇ. ಹತೋಟಿಗೆ ಬಾರದ ಸಕ್ಕರೆ, ಬಿಡದ ಸಿಗರೇಟು, ಕಾಲಿನಲ್ಲಿ ರಕ್ತ ಸರಿಯಾಗಿ ಹರಿಯದಿರುವುದು, ಇಳಿವಯಸ್ಸು ಇದ್ದರೆ ಬೂಟು ವಾಸಿ.

ನಡುವೆ ಇರುವ ನಮ್ಮಂಥವರಿಗೆ ಲೆಕ್ಕಕ್ಕಿಂತ ದಿನಚರಿ ಹೆಚ್ಚು ಹೇಳುತ್ತದೆ. ನಾನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಕೆಲಸ ಕಂಪ್ಯೂಟರ್ ಮುಂದೆ, ಮನೆಯಿಂದ ಮಾಡಲು ಬಿಡುತ್ತಾರೆ. ಪೆಟ್ಟಾದದ್ದು ಎಡಗಾಲಿಗೆ, ಅಂದರೆ ಕಾರಿನ ಕ್ಲಚ್‌ಗೂ ಬೈಕಿನ ಗೇರಿಗೂ ಬೇಕಾದ ಕಾಲು. ಬಚ್ಚಲಲ್ಲಿ ಇಂಡಿಯನ್ ಟಾಯ್ಲೆಟ್. ಕುಕ್ಕರಗಾಲಲ್ಲಿ ಕೂತರೆ ಟೆಂಡನ್ ಪೂರ್ತಿ ಎಳೆಯುತ್ತದೆ, ಎರಡೂ ದಾರಿಯಲ್ಲಿ ಅದು ತಿಂಗಳುಗಟ್ಟಲೆ ನಿಷಿದ್ಧ. ಹಾಗಾಗಿ ಮೊದಲು ಕೊಂಡದ್ದು ಕಮೋಡ್ ಕುರ್ಚಿ.

ದುಡ್ಡಿನ ಲೆಕ್ಕದಲ್ಲೂ ಒಂದು ತಮಾಷೆ ಇದೆ. ಆಸ್ಪತ್ರೆಗೆ ಸೇರಿ ಆಪರೇಷನ್ ಮಾಡಿಸಿಕೊಂಡರೆ ಸಾಮಾನ್ಯವಾಗಿ ವಿಮೆ ಸಿಗುತ್ತದೆ. ಬೂಟು ಮತ್ತು ಫಿಸಿಯೋ ಖರ್ಚು ಹೊರರೋಗಿ ಲೆಕ್ಕಕ್ಕೆ ಹೋಗಿ ಎಷ್ಟೋ ಪಾಲಿಸಿಗಳಲ್ಲಿ ಕೈಯಿಂದಲೇ ಹೋಗುತ್ತದೆ. ವಿಮೆ ಬರುತ್ತದೆ ಅಂತ ಕಾಲು ಹೊಲಿಸಿಕೊಳ್ಳುವುದು ಸರಿಯಲ್ಲ. ಆದರೆ ಖರ್ಚು ಮೊದಲೇ ಗೊತ್ತಿರಲಿ.

ನಾನು ಬೂಟು ಆರಿಸಿದೆ. ನನಗಿಂತ ಎರಡು ವರ್ಷ ಮೊದಲು ಕಡಿದುಕೊಂಡ ಕೋರ್ಟಿನ ಗೆಳೆಯ ಹೊಲಿಗೆ ಆರಿಸಿದ್ದ. ‘ಮತ್ತೆ ಕಡಿದರೆ ತಡೆದುಕೊಳ್ಳೋ ಶಕ್ತಿ ನನಗಿಲ್ಲ ಮಾರಾಯ’ ಅಂದಿದ್ದ. ಅದೂ ಸರಿಯಾದ ಕಾರಣವೇ.

ಯಾವುದನ್ನೇ ಆರಿಸಿ, ಮುಂದಿನ ಮೂರು ತಿಂಗಳು

ಡಾಕ್ಟರರಿಂದ ಡಾಕ್ಟರರಿಗೆ ವಾರಗಳು ಸ್ವಲ್ಪ ಬದಲಾಗುತ್ತವೆ. ನನ್ನದು ಹೀಗಿತ್ತು. ಮೊದಲ ಎರಡು ವಾರ ಸ್ಲ್ಯಾಬ್, ಊರುಗೋಲು. ಆಮೇಲೆ ಮಂಡಿ ಕೆಳಗಿನವರೆಗೆ ಬೂಟು, ಒಳಗೆ ಹಿಮ್ಮಡಿಗೆ ಒಂದರ ಮೇಲೊಂದು ವೆಡ್ಜ್ (ಹಿಮ್ಮಡಿ ಎತ್ತರಿಸುವ ಇಳಿಜಾರು ತುಂಡು). ನಿಧಾನವಾಗಿ ಭಾರ ಬಿಡುತ್ತಾ ನಡಿಗೆ. ದಿನ ಕಳೆದಂತೆ ಒಂದೊಂದೇ ವೆಡ್ಜ್ ತೆಗೆದರು. ಹತ್ತನೇ ವಾರಕ್ಕೆ ಬೂಟು ಬಿಚ್ಚಿದರು.

ರಾತ್ರಿ ಮಲಗುವಾಗಲೂ ಬೂಟು ಇರಬೇಕಿತ್ತು. ಸೆಕೆಗೆ ಕಾಲು ಬೆಂದಂತಾಗುತ್ತಿತ್ತು. ಬೂಟಿನಿಂದ ಒಂದು ಕಾಲು ಎತ್ತರವಾಗಿ ಸೊಂಟ ನೋಯತೊಡಗಿದಾಗ ಇನ್ನೊಂದು ಕಾಲಿಗೆ ದಪ್ಪ ಅಟ್ಟೆಯ ಶೂ ಹಾಕಿದೆ. ಬೂಟು ಬಿಚ್ಚಿದ ಮೇಲೆ ನಿಜವಾದ ಪರೀಕ್ಷೆ ಶುರು. ಮನೆಯಲ್ಲಿ ಬರಿಗಾಲಲ್ಲಿ ಓಡಾಡುವವರು ನಾವು. ಬರಿಗಾಲು ಅಂದರೆ ಹಿಮ್ಮಡಿ ತಗ್ಗಿ ಟೆಂಡನ್ ಎಳೆಯುತ್ತದೆ. ಹೊಸ ಶೂ ತಂದು ಒಳಗೆ ಹಿಮ್ಮಡಿ ಪ್ಯಾಡ್ ಇಟ್ಟು ಮನೆಯೊಳಗೇ ಹಾಕಿಕೊಂಡೆ. ಅಮ್ಮ ಮೂರು ದಿನ ಮುಖ ಊದಿಸಿಕೊಂಡು, ಕೊನೆಗೆ ‘ದೇವರ ಮನೆಗೆ ಮಾತ್ರ ಬೇಡ ಕಣೋ’ ಅಂತ ಒಪ್ಪಿದರು.

ಮತ್ತೆ ಕಡಿಯುವ ಅಪಾಯ ಹೆಚ್ಚಿರುವುದು ಮೊದಲ ಮೂರು ತಿಂಗಳು. ಜಾರಿದ ಬಚ್ಚಲು, ತಪ್ಪಿದ ಒಂದು ಮೆಟ್ಟಿಲು ಸಾಕು. ಹುಷಾರಾದೆ ಅಂತ ಹಿಮ್ಮಡಿ ಎಳೆದು ಸ್ಟ್ರೆಚ್ ಮಾಡುವುದೂ ತಪ್ಪು. ಉದ್ದವಾಗಿ ಕೂಡಿದ ಟೆಂಡನ್‌ನಿಂದ ನೆಲ ಒತ್ತಿ ಚಿಮ್ಮುವ ಬಲ ಮರಳಿ ಬರುವುದು ಕಷ್ಟ.

ಇನ್ನೊಂದು ಅಪಾಯ ಹೊಲಿದರೂ ಹೊಲಿಯದಿದ್ದರೂ ಇದೆ: ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದು. ಹೆಪ್ಪುಗಟ್ಟದಂತೆ ಔಷಧ ಬೇಕೇ ಅಂತ ಡಾಕ್ಟರನ್ನು ಕೇಳಿ. ಮೀನಖಂಡ ಇದ್ದಕ್ಕಿದ್ದಂತೆ ಊದಿ ನೋಯತೊಡಗಿದರೆ ಅವತ್ತೇ ಹೋಗಿ ತೋರಿಸಿ. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಒಂದು ಗಳಿಗೆಯೂ ಕಾಯದೆ ತುರ್ತು ಚಿಕಿತ್ಸೆಗೆ ಓಡಿ.

ನಾನು ಐದನೇ ತಿಂಗಳಲ್ಲಿ ನಿಧಾನವಾಗಿ ಓಡಿದೆ. ಹನ್ನೊಂದನೇ ತಿಂಗಳಲ್ಲಿ ಕೋರ್ಟಿಗಿಳಿದೆ. ಒಂದು ಕಾಲಲ್ಲಿ ನಿಂತು ಹಿಮ್ಮಡಿ ಎತ್ತುವ ವ್ಯಾಯಾಮ ಬಲಗಾಲಿಗೆ 25 ಸಲ ಆಗುತ್ತದೆ, ಎಡಗಾಲಿಗೆ ಇವತ್ತಿಗೂ 17. ನೆಟ್ ಹತ್ತಿರ ಬೀಳುವ ಡ್ರಾಪ್‌ಗಳನ್ನು ಈಗ ಜೊತೆಗಾರನಿಗೇ ಬಿಡುತ್ತೇನೆ.